ಮಾವನ ಮನೆ ಮಾಯವಾದ ವೆಬ್ ಪುಟ

ನಮ್ಮ ದಾಂಡೇಲಿಯ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಕ್ಲಾಸ್ ಶುರುವಾದಾಗ, ಕಾಗದದ ಮಿಲ್ಲಿನ ನೌಕರನಾದ ನಾನೂ ಸೇರಿಕೊಂಡೆ. "ಈ ವಯಸ್ಸಿನ್ಯಾಗ ಅದೆಲ್ಲ ಯಾಕ ಬೇಕ್ರಿ ಅಳಿಯಾರ?" ಎಂದು ಹಳಿಯಾಳದ ಮಾವ ನಕ್ಕರು. ಆ ನಗು ನಿಲ್ಲಿಸುವುದೇ ನನ್ನ ಜೀವನದ ಗುರಿಯಾಯಿತು!

ವೆಬ್ ಪುಟದ ಪಾಠ. ಅರೇ ಎಂದರೆ ಸಾಲಾಗಿ ಹೆಸರು ತುಂಬಿದ ಡಬ್ಬಿ. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿಗಳನ್ನೂ ಇಡಬಹುದು. ಒಳಗಿದ್ದುದನ್ನೆಲ್ಲ ಪರದೆಯ ಮೇಲೆ ತೋರಿಸಬೇಕು. ಸರ್ ಹಣ್ಣಿನ ಹೆಸರು ಹಾಕಿ ಎಂದರು. ನಾನು ಇಡೀ ಬಳಗವನ್ನೇ ಹಾಕಿದೆ! ಮನೆಗೊಂದು ಡಬ್ಬಿ, ಡಬ್ಬಿಯಲ್ಲಿ ಹಿರಿಯರು ಮೊದಲು. ಮನೆಗಳಲ್ಲಿ ಮಾವನ ಮನೆ ಮೊದಲು. ನಮ್ಮ ಮನೆಗೆ ನಾನೇ ಮೊದಲು.

"ಎಣಿಕಿ ಸೊನ್ನಿಯಿಂದ ಶುರು ಮಾಡ್ರಿ" ಎಂದು ಸರ್ ಹೇಳಿದ್ದರು. ಶುಭಕಾರ್ಯವನ್ನು ಯಾರಾದರೂ ಸೊನ್ನೆಯಿಂದ ಶುರು ಮಾಡುತ್ತಾರೆಯೇ? ನಾನು ಒಂದರಿಂದ ಮಾಡಿದೆ. ಉದ್ಘಾಟನೆ ಹಿರಿಯರ ಕೈಯಿಂದಲೇ ಆಗಬೇಕಲ್ಲ, ಹಾಗಾಗಿ ಒಮ್ಮೆಯೂ ನಡೆಸಿ ನೋಡಲಿಲ್ಲ. ಭಾನುವಾರ ಮಾವನನ್ನೂ ಹೆಂಡತಿ ಶಾಂತಾಳನ್ನೂ ಕ್ಲಾಸಿಗೆ ಕರೆದೊಯ್ದು, ಕೀಬೋರ್ಡಿಗೆ ಕುಂಕುಮ ಹಚ್ಚಿ (ಸರ್ ಮುಖ ನೋಡಬೇಕಿತ್ತು!), "ಒತ್ರಿ ಮಾವಾರ" ಎಂದೆ.

ಒತ್ತಿದರು. ಹೆಸರುಗಳು ಬಂದವು! ನನ್ನ ಎದೆ ಉಬ್ಬಿತು.

"ನಮ್ಮ ಮನಿ ಎಲ್ಲೈತ್ರಿ?" ಮಾವ ಕನ್ನಡಕ ಒರೆಸಿಕೊಂಡರು. ಇಡೀ ಮನೆಯೇ ಮಾಯ! "ಮುಂಡಗೋಡದ ನಿಮ್ಮ ದೊಡ್ಡಪ್ಪಾರೂ ಇಲ್ಲ. ಯಾವಾಗ ತೀರ್ಕೊಂಡ್ರು? ನಮಗ ಒಂದ್ ಮಾತು ಹೇಳಬಾರದೇನ್ರಿ?"

"ಅಯ್ಯ, ಗಟ್ಟಿಮುಟ್ಟಾಗಿ ಅದಾರ್ರಿ!"

"ಮತ್ತ ನೀವೂ ಇಲ್ಲಲ್ರಿ!"

ಸರ್ ಮೆಲ್ಲಗೆ ಹೇಳಿದರು: "ಕಂಪ್ಯೂಟರಿಗೆ ಮೊದಲನೇದು ಅಂದ್ರ ಸೊನ್ನಿ. ನೀವು ಒಂದರಿಂದ ಎಣಿಸೀರಿ. ಮೊದಲನೇ ಮನಿ ಹೋತು, ಉಳಿದ ಮನ್ಯಾಗ ಮೊದಲನೆಯವರು ಹೋದ್ರು."

ಮರ್ಯಾದೆ ಕೊಟ್ಟವರನ್ನೆಲ್ಲ ಹುಡುಕಿ ಹುಡುಕಿ ಅಳಿಸಿದ್ದೆ!

ಅಲ್ಲೇ ತಿದ್ದಿದೆ. ಮಾವ ಎಲ್ಲರಿಗಿಂತ ಮೇಲೆ ಬಂದರು. "ಭಾಳ ಚಲೋ ಮಾಡೀರಿ ಬಿಡ್ರಿ" ಎಂದರು. ನಗಲಿಲ್ಲ! ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಆದರೆ ತಿದ್ದುವ ಮೊದಲೇ ಶಾಂತಾ ಸರ್ ಕೈಯಿಂದ ಒಂದು ಪ್ರಿಂಟ್ ತೆಗೆಸಿಕೊಂಡಿದ್ದಳು. ಅದೀಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ನಮ್ಮ ಮನೆಯ ಸಾಲಿನಲ್ಲಿ ಅವಳದೇ ಮೊದಲ ಹೆಸರು, ನನ್ನದು ಎಲ್ಲೂ ಇಲ್ಲ.

"ತಿದ್ದಿದ್ದು ಹಚ್ಚೂಣಲ್ಲ?" ಎಂದೆ.

"ಯಾಕ್ರಿ? ನಮ್ಮ ಮನಿ ಮಟ್ಟಿಗೆ ಇದು ಬರೋಬರಿ ಐತಲ್ಲ!"

ಈ ಮನೆಯಲ್ಲಿ ನನ್ನ ಸ್ಥಾನ ಸೊನ್ನೆ. ಆದರೆ ಕಂಪ್ಯೂಟರ್ ಶಾಸ್ತ್ರದ ಪ್ರಕಾರ ಅದೇ ಮೊದಲನೆಯದು, ಗೊತ್ತಿರಲಿ!