ಜಯಾಳ ಪಾಠಕ್ಕೆ ಸಿಕ್ಕ ವಿದ್ಯಾರ್ಥಿ

ಓದು ಅರ್ಧಕ್ಕೆ ಬಿಟ್ಟವನಿಗೆ ಒಂದು ಜಂಬ ಇರುತ್ತದೆ. ನನಗೂ ಇದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ಕಾಜಾ ಹೊಲಿಯುವುದರಿಂದ ಶುರುಮಾಡಿ, ಹೊಳೆನರಸೀಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಟೈಲರ್ ಅಂಗಡಿ ಇಟ್ಟವನು ನಾನು. ಯಾರು ಏನು ಹೇಳಿದರೂ ‘ಗೊತ್ತು ಬಿಡಿ’ ಅನ್ನುವುದು ಅಭ್ಯಾಸ. ಗೊತ್ತಿಲ್ಲ ಅಂದುಬಿಟ್ಟರೆ ಅಂಗಡಿಯ ಬೋರ್ಡೇ ಕಳಚಿ ಬೀಳುತ್ತದೇನೋ ಎಂಬ ಭಯ.

ಹೆಂಡತಿ ಜಯಾ ಮಾತ್ರ ಮದುವೆಯಾದ ಮೇಲೂ ಓದಿದಳು. ಬಿ.ಎ.ಗೆ ದಿನಾ ಹಾಸನಕ್ಕೆ ಬಸ್ಸು. ಒಂದು ಸಂಜೆ ಬಹಳ ತಡವಾಗಿ ಬಂದಳು. ನಾನು ಬೈಯಲು ಸಿದ್ಧನಾಗಿ ಕೂತಿದ್ದೆ. “ಬಸ್‌ಸ್ಟ್ಯಾಂಡಲ್ಲಿ ಹುಡುಗೀರು ಪಾಠ ಹೇಳ್ಕೊಡು ಅಂದ್ರು ಕಣ್ರೀ. ಹೇಳ್ತಾ ಹೇಳ್ತಾ ಬಸ್ಸು ಹೋಗಿದ್ದೇ ಗೊತ್ತಾಗ್ಲಿಲ್ಲ” ಎಂದಳು. ಬಸ್ಸು ತಪ್ಪಿಸಿಕೊಂಡವರು ಅಷ್ಟು ಖುಷಿಯಾಗಿರುವುದನ್ನು ನಾನು ಕಂಡಿರಲಿಲ್ಲ. ಮುಂದೆ ಇತಿಹಾಸದ ಎಂ.ಎ.ಯಲ್ಲಿ ವಿದ್ಯಾರ್ಥಿಗಳೇ ಸರದಿಯಂತೆ ನಿಂತು ಪಾಠ ಮಾಡಬೇಕಿತ್ತು. ಉಳಿದವರು ಜ್ವರ ಎಂದು ಮಲಗಿದರೆ ಇವಳು ಅವರ ಸರದಿಯನ್ನೂ ಕೇಳಿ ಪಡೆಯುತ್ತಿದ್ದಳು.

ಮನೆಯಲ್ಲಿ ಅಭ್ಯಾಸಕ್ಕೆ ಸಿಕ್ಕ ವಿದ್ಯಾರ್ಥಿ ನಾನೊಬ್ಬನೇ. ಗಿರಾಕಿಗಳ ಕಪ್ಪು ಬಟ್ಟೆ ಮೇಜಿನ ಮೇಲೆ ಹರಡಿ, ನಾನು ಗುರುತು ಹಾಕುವ ಸೀಮೆಸುಣ್ಣದಲ್ಲೇ ರಾಜವಂಶಗಳ ಪಟ್ಟಿ ಬರೆಯುವಳು. ಕೊರವಂಗಲದ ಯಜಮಾನರೊಬ್ಬರು ಹೊಲಿದ ಪ್ಯಾಂಟನ್ನು ಬೆಳಕಿಗೆ ಹಿಡಿದು, “ಇದೇನ್ಲಾ, ನನ್ ತೊಡೆ ಮ್ಯಾಲೆ ಒಯ್ಸಳರ ವಂಶಾನೇ ಕೂರ್ಸ್ಬುಟ್ಟಿದ್ದೀಯ?” ಎಂದಿದ್ದರು. ಹೊಯ್ಸಳರಿರಲಿ, ಫ್ರಾನ್ಸಿನ ಕ್ರಾಂತಿಯಿರಲಿ, ಪಾಠ ಮುಗಿದಾಗ ಜಯಾ “ಅರ್ಥ ಆಯ್ತೇನ್ರೀ?” ಅನ್ನುವಳು. ನಾನು ಮಿಷನ್ ತುಳಿಯುತ್ತಲೇ “ಎಲ್ಲಾ ಗೊತ್ತಾಯ್ತು” ಅನ್ನುವೆ. ಮಿಷನ್ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಿರುತ್ತಿರಲಿಲ್ಲ.

ಓದು ಮುಗಿಸಿ ಅರಕಲಗೂಡಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದಳು. ಕೆಲವು ವರ್ಷ ಅವಳು ಪಾಠ ತಪ್ಪುತ್ತದೆಂದು ಹಬ್ಬದ ರಜೆಗೂ ಮುಖ ಸಿಂಡರಿಸುತ್ತಿದ್ದಳು. ಈ ವರ್ಷ ಅಲ್ಲಿಗೆ ಕಾಯಂ ಮೇಷ್ಟರೊಬ್ಬರು ವರ್ಗವಾಗಿ ಬಂದರು. ಇವಳ ತರಗತಿಗಳೆಲ್ಲ ಅವರಿಗೆ ಹೋದವು. ಚನ್ನರಾಯಪಟ್ಟಣದವರೆಗೂ ಅಲೆದಳು. ಎಲ್ಲೂ ಜಾಗವಿಲ್ಲ. ಈಗ ನನ್ನ ಪಕ್ಕ ಕೂತು ಗುಂಡಿ ಹೊಲಿಯುತ್ತಾಳೆ. ಅಚ್ಚುಕಟ್ಟಾಗಿಯೇ ಹೊಲಿಯುತ್ತಾಳೆ, ಅದೇ ನನಗೆ ಸಂಕಟ. ಅಳತೆ ಕೊಡಲು ಬಂದವರಿಗೂ ಇತಿಹಾಸ ಹೇಳಿ ಕಳಿಸುತ್ತಿದ್ದವಳು ಈಗ “ಶನಿವಾರ ಬನ್ನಿ” ಎಂದಷ್ಟೇ ಹೇಳಿ ಸೂಜಿಗೆ ದಾರ ಪೋಣಿಸುತ್ತಾಳೆ.

ಮೊನ್ನೆ ತಡೆಯಲಾಗಲಿಲ್ಲ. ಮಿಷನ್ ನಿಲ್ಲಿಸಿ ಕೇಳಿದೆ: “ಜಯಾ, ಆ ಫ್ರಾನ್ಸ್‌ನೋರು ರಾಜನ್ ಮ್ಯಾಲೆ ಯಾಕೆ ತಿರುಗಿಬಿದ್ರು? ನಂಗೊತ್ತಿಲ್ಲ ಕಣೆ, ಒಸಿ ಹೇಳ್ಕೊಡು.”

ಅವಳು ಹಲ್ಲಿನಲ್ಲಿ ದಾರ ಕಡಿದು ನನ್ನನ್ನು ನೋಡಿದಳು. “ಅವತ್ತೇ ಎಲ್ಲಾ ಗೊತ್ತಾಯ್ತು ಅಂದಿದ್ರಲ್ಲ. ನನ್ ಸಮಾಧಾನಕ್ಕೆ ಅಂತ ಕೇಳ್ಬ್ಯಾಡಿ ಬಿಡಿ” ಎಂದು ಇನ್ನೊಂದು ಅಂಗಿ ಎತ್ತಿಕೊಂಡಳು.

ಸಮಾಧಾನಕ್ಕೇ ಕೇಳಿದ್ದು, ನಿಜ. ಆದರೆ ಆ ಫ್ರಾನ್ಸ್‌ನವರು ಯಾಕೆ ತಿರುಗಿಬಿದ್ದರೋ ನನಗೆ ದೇವರಾಣೆಗೂ ಗೊತ್ತಿಲ್ಲ.