ಗಡಿ ದಾಟಿದ ರಂಗೋಲಿ

ಅಜ್ಜಿ ಕತೆಯ ರಾಜಕುಮಾರ ಏಳು ಸಮುದ್ರ ದಾಟಿದರೂ ಅವನ ನಂಬರು ಏನೆಂದು ಯಾರೂ ಕೇಳುವುದಿಲ್ಲ. ಬೆಂಗಳೂರಂಚಿನ ಕೋಗಿಲಿನ ಪದ್ಮಶ್ರೀಯ ರಂಗೋಲಿ ಹೊಸೂರಿಗೆ ಕಾಲಿಟ್ಟದ್ದೇ ತಡ, ಕೇಳಿಯೇಬಿಟ್ಟರು.

ಜಿಎಸ್‌ಟಿ ಬಂದು ಮೂರು ತಿಂಗಳಾಗಿತ್ತು. ಪದ್ಮಶ್ರೀ ಮನೆಯ ಮಹಡಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಚುಕ್ಕಿ ರಂಗೋಲಿ ಬರೆದು, ಒಂದು ವೆಬ್‌ಸೈಟಿನ ಮೂಲಕ ಇಪ್ಪತ್ತು ರೂಪಾಯಿಗೊಂದರಂತೆ ಮಾರುತ್ತಿದ್ದಳು. ಕೊಂಡವರು ಡೌನ್‌ಲೋಡ್ ಮಾಡಿಕೊಂಡು, ನೋಡಿಕೊಂಡು, ಬಾಗಿಲ ಮುಂದೆ ಹಾಕಿಕೊಳ್ಳಬೇಕು. ವರ್ಷವಿಡೀ ನೊಣ ಹೊಡೆಯುವ ಈ ಅಂಗಡಿಗೆ ಸುಗ್ಗಿಯೆಂದರೆ ದೀಪಾವಳಿಯೊಂದೇ. ಹಬ್ಬ ಇನ್ನು ಹನ್ನೆರಡು ದಿನವಿದೆ ಎನ್ನುವಾಗ, ಬೆಳಿಗ್ಗೆ ಬೆಳಿಗ್ಗೆಯೇ ವೆಬ್‌ಸೈಟಿನವರ ಓಲೆ ಬಂತು. ನಿಮ್ಮ ಗಿರಾಕಿಯೊಬ್ಬರು ತಮಿಳುನಾಡಿನ ಹೊಸೂರಿನವರು, ಬೇರೆ ರಾಜ್ಯಕ್ಕೆ ಮಾರುವವರು ಜಿಎಸ್‌ಟಿಗೆ ನೋಂದಾಯಿಸಲೇಬೇಕು, ಸಂಜೆ ಏಳರೊಳಗೆ ಅರ್ಜಿಯ ಸಂಖ್ಯೆ ಕಳಿಸದಿದ್ದರೆ ನಿಮ್ಮ ಅಂಗಡಿ ಬಂದ್.

ಪದ್ಮಶ್ರೀ ಯಲಹಂಕಕ್ಕೆ ಓಡಿದಳು. ಅಲ್ಲಿ ತೆರಿಗೆ ಅರ್ಜಿ ತುಂಬಿಕೊಡುವ ಖುರ್ಷೀದ್ ಅವರ ಆಫೀಸಿತ್ತು.

“ಸಾರ್, ಹೊಸೂರು ಇಲ್ಲೇ ಅಲ್ವಾ? ಅತ್ತಿಬೆಲೆ ದಾಟಿದ್ರೆ ಬಂತು!”

“ಆ ದಾಟೋದೇ ತಪ್ಪು ಕಣಮ್ಮಾ. ರಾಜ್ಯದೊಳಗೆ ಮಾರಿದ್ರೆ ಇಪ್ಪತ್ತು ಲಕ್ಷದವರೆಗೆ ಯಾರೂ ಕೇಳಲ್ಲ. ಗಡಿ ದಾಟಿದ್ರೆ ಇಪ್ಪತ್ತು ರೂಪಾಯಿಗೂ ನಂಬರ್ ಬೇಕು.”

“ಅದ್ರಲ್ಲಿರೋದು ನಾಲ್ಕು ಗೆರೆ ಸಾರ್!”

“ಗೆರೆಗಲ್ಲಮ್ಮಾ, ಗಡಿಗೆ. ಹೋಗ್ಲಿ, ವ್ಯಾಪಾರದ ಜಾಗ ಎಲ್ಲಿ?”

“ನಮ್ಮನೆ ಮಹಡಿ.”

“ಮನೆ ಯಾರ ಹೆಸರಲ್ಲಿದೆ?”

ತಾತ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಖಾತೆ ಇನ್ನೂ ಅವರ ಹೆಸರಿನಲ್ಲೇ ಇತ್ತು.

“ಹಂಗಾದ್ರೆ ಪಾಲುದಾರರೆಲ್ಲ ‘ಅಭ್ಯಂತರ ಇಲ್ಲ’ ಅಂತ ಸೈನ್ ಹಾಕ್ಬೇಕು. ತಂದ್ಬಿಡಿ,” ಎಂದರು ಖುರ್ಷೀದ್, ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಹೇಳಿದಷ್ಟು ಸಲೀಸಾಗಿ.

ಪಾಲುದಾರರು ನಾಲ್ವರು. ಭಾಗದ ಮಾತು ಎದ್ದಾಗಿನಿಂದ ಅವರು ಒಟ್ಟಿಗೆ ಒಂದು ಹಾಳೆಗೆ ಸೈನ್ ಹಾಕಿದ್ದಿರಲಿ, ಒಂದೇ ಚಾಪೆಯ ಮೇಲೆ ಕೂತದ್ದೂ ಇಲ್ಲ. ಪದ್ಮಶ್ರೀಯ ಅಪ್ಪ ಅಣ್ಣನನ್ನು ಕೇಳದೆ ಉಗುರೂ ಕತ್ತರಿಸಿಕೊಳ್ಳುವವರಲ್ಲ. ಆ ಅಣ್ಣ, ಎಂದರೆ ಕೆಳಗಿನ ಮನೆಯ ದೊಡ್ಡಪ್ಪ ಮುನಿಶಾಮಪ್ಪ, ಹಾಳೆಯನ್ನು ಹಾವಿನ ಪೊರೆಯಂತೆ ಎರಡು ಬೆರಳಲ್ಲಿ ಎತ್ತಿ ನೋಡಿದ.

“ಇಂಗೇ ಒಂದ್ ಆಳೆಗೆ ಎಬ್ಬೆಟ್ಟು ಒತ್ತಿ ಅಲ್ವಾ ನಮ್ಮಪ್ಪ ಕೆರೆ ಪಕ್ಕದ ಜಮೀನು ಕಳಕೊಂಡಿದ್ದು? ಮೊದ್ಲು ನಿಮ್ಮತ್ತೆ ಆಕ್ಲಿ. ಆಮೇಲೆ ನಾನು.”

ಹೆಬ್ಬಾಳದಲ್ಲಿ ಪಟಾಲಮ್ಮತ್ತೆ ಸೊಪ್ಪು ಬಿಡಿಸುತ್ತಿದ್ದಳು. “ಮೊದ್ಲು ನಾನಾ? ಯಾಕೆ, ಹೆಣ್ಣುಮಗಳ್ನ ಭಾಗದಿಂದ ಕಿತ್ತಾಕಕ್ಕಾ? ಅಶ್ವತ್ಥ ಹಾಕ್ಲಿ, ಅವನ್ದು ನೋಡಿ ಹಾಕ್ತೀನಿ. ಕೂತ್ಕೊ, ಮುದ್ದೆ ಉಂಡ್ಕೊಂಡು ಹೋಗು.”

ಉಂಡು ತಣಿಸಂದ್ರಕ್ಕೆ ಹೋದರೆ ಚಿಕ್ಕಪ್ಪ ಅಶ್ವತ್ಥ್ ಸ್ಕೂಟರಿನಿಂದ ಇಳಿಯಲೇ ಇಲ್ಲ. “ಚಿಕ್ಕೋನು ಮೊದ್ಲು ಹಾಕಿದ್ರೆ ದೊಡ್ಡೋನು ಸುಮ್ನಿರ್ತಾನೇನೇ? ಅಣ್ಣ ಹಾಕ್ಲಿ, ಆಮೇಲೆ ಕಣ್ಮುಚ್ಕೊಂಡು ಹಾಕ್ತೀನಿ.”

ಗಾಣ ಸುತ್ತಿದ ಎತ್ತಿನಂತೆ ಪದ್ಮಶ್ರೀ ಹೊರಟಲ್ಲಿಗೇ ಬಂದು ನಿಂತಳು. ಆಗಲೇ ಮೂರು ಗಂಟೆ. ಎಲ್ಲರ ಜಗಳವೂ ಹಾಳೆಯ ಮೇಲೆ ಯಾರು ಮೊದಲು, ಯಾರು ಕೊನೆ ಎಂಬುದಕ್ಕೇ. ರಂಗೋಲಿಯ ಹೂವಿನಲ್ಲಿ ಮೊದಲ ದಳ ಯಾವುದು, ಕೊನೆಯ ದಳ ಯಾವುದು?

ಕೂತು ನಾಲ್ಕು ದಳದ ತಾವರೆ ಬರೆದಳು. ನಡುವೆ ಒಪ್ಪಿಗೆಯ ಮಾತು, ದಳಕ್ಕೊಂದು ಸಹಿಯ ಜಾಗ. ಆಮೇಲೆ ಎಲ್ಲರಿಗೂ ಒಂದೇ ಫೋನು: “ಉಳಿದೋರೆಲ್ಲ ಐದು ಗಂಟೆಗೆ ನಮ್ಮನೇಲಿ ಸೇರ್ತಿದಾರೆ. ನೀವು ಬರ್ದಿದ್ರೆ ಏನೇನ್ ಬರ್ಕೋತಾರೋ ನಂಗೊತ್ತಿಲ್ಲಪ್ಪ.”

ನಾಲ್ಕೂಮುಕ್ಕಾಲಿಗೇ ಎಲ್ಲರೂ ಹಾಜರ್. ಕೈಗೊಂದು ಪೆನ್ನು ಕೊಟ್ಟು ಪದ್ಮಶ್ರೀ “ಒಂದು, ಎರಡು, ಮೂರು” ಎಂದಳು. ನಾಲ್ಕು ತಲೆಗಳು ಢಿಕ್ಕಿ ಹೊಡೆದವು, ನಾಲ್ಕು ಸಹಿಗಳೂ ಬಿದ್ದವು. ಹಣೆ ಉಜ್ಜಿಕೊಳ್ಳುತ್ತಾ ಪಟಾಲಮ್ಮತ್ತೆ, “ನಿನ್ ತಲೆ ಇನ್ನೂ ಹಂಗೇ ಕಲ್ಲು ಕಣಣ್ಣ,” ಎಂದಳು. ಮುನಿಶಾಮಪ್ಪ ನಕ್ಕುಬಿಟ್ಟ. ಅಮ್ಮ ಕಾಫಿಗಿಟ್ಟಳು.

ಪದ್ಮಶ್ರೀ ಫೋನಿನಲ್ಲಿ ಕಳಿಸಿದ ಹಾಳೆಯ ಫೋಟೊ ಸೇರಿಸಿ ಆರೂಮುಕ್ಕಾಲಿಗೆ ಖುರ್ಷೀದ್ ಅರ್ಜಿ ಒಳಗೆ ಹಾಕಿದರು. ಸಂಖ್ಯೆ ಬಂತು, ವೆಬ್‌ಸೈಟಿಗೆ ಹೋಯಿತು, ಅಂಗಡಿ ಉಳಿಯಿತು. ಪದ್ಮಶ್ರೀ ಮಹಡಿಗೆ ಹೋಗಿ ಟಿವಿ ಹಾಕಿದಳು. ದಿಲ್ಲಿಯಲ್ಲಿ ಇವತ್ತು ನಡೆದ ಜಿಎಸ್‌ಟಿ ಮಂಡಳಿಯ ಸಭೆಯಲ್ಲಿ ನಿರ್ಧಾರವಾಗಿತ್ತು: ಬೇರೆ ರಾಜ್ಯಕ್ಕೆ ಡೌನ್‌ಲೋಡಿನಂಥ ಸೇವೆ ಮಾರುವ ಸಣ್ಣವರಿಗೆ ಇನ್ನು ನೋಂದಣಿ ಬೇಕಿಲ್ಲ.

“ಸಾರ್! ಕ್ಯಾನ್ಸಲ್ ಮಾಡ್ಸಿ!” ಎಂದು ಖುರ್ಷೀದ್‌ಗೆ ಫೋನು ಮಾಡಿದಳು.

“ಒಳಗೆ ಹೋಗೋಕೆ ಬಾಗ್ಲು ಇತ್ತಮ್ಮಾ, ಆಚೆ ಬರೋಕೆ ಇನ್ನೂ ಇಟ್ಟಿಲ್ಲ. ಒಂದು ವರ್ಷ ನಂಬರ್ ವಾಪಸ್ ಕೊಡೋ ಹಂಗಿಲ್ಲ. ಮಾರಿದ್ರೂ ಮಾರ್ದಿದ್ರೂ ತಿಂಗ್ಳು ತಿಂಗ್ಳು ಲೆಕ್ಕ ಹಾಕ್ಬೇಕು.”

ಹೋಗಲಿ, ಅಂಗಡಿಯಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಕೆಳಗಿಳಿದರೆ, ಹಜಾರದಲ್ಲಿ ಅಣ್ಣತಮ್ಮಂದಿರು, ತಂಗಿ ಒಂದೇ ಚಾಪೆಯ ಮೇಲೆ ಕೂತು ಮೈಸೂರು ಪಾಕು ಮುರಿಯುತ್ತಿದ್ದರು.

“ಬಾರವ್ವ ಬಂಗಾರಿ!” ಎಂದ ಮುನಿಶಾಮಪ್ಪ. “ಇಪ್ಪತ್ ವರ್ಷದಿಂದ ಆಗ್ದಿದ್ದು ನಿನ್ನಿಂದ ಆಯ್ತು. ಎಲ್ರೂ ಒಪ್ಕೊಂಡ್ರು. ಮನೆ ಬಿಲ್ಡರ್‌ಗೆ ಕೊಟ್ಬಿಡಾನ ಅಂತ. ಫೋನೂ ಮಾಡಾಯ್ತು. ಮೂರು ತಿಂಗ್ಳಾಗೆ ಒಡೀತಾರೆ, ನೀವೂ ಒಂದ್ ಬಾಡಿಗೆ ಮನೆ ನೋಡ್ಕಳಿ.”

ಪದ್ಮಶ್ರೀ ಮೈಸೂರು ಪಾಕನ್ನು ಕೈಯಲ್ಲೇ ಹಿಡಿದು ಮತ್ತೆ ಖುರ್ಷೀದ್‌ಗೆ ಫೋನು ಮಾಡಿದಳು.

“ವಿಳಾಸ ಬದಲಾದ್ರೆ ಹೊಸ ಜಾಗದ ಒಪ್ಪಿಗೆ ಪತ್ರ ಬೇಕು ಕಣಮ್ಮಾ,” ಎಂದವರು ದನಿ ತಗ್ಗಿಸಿದರು. “ಈ ಸಲ ಮನೆ ನೋಡೋವಾಗ ನೀರು, ಗಾಳಿ ಎಲ್ಲ ಆಮೇಲೆ. ಓನರ್ ಒಬ್ರೇನಾ ಅಂತ ಮೊದ್ಲು ಕೇಳಿ.”