ಡಬ್ಬಿಯ ಮೇಲಿನ ಎಂ.ಎ.

ಮದುವೆಯಾಗದೆ ಉಳಿದವನು ಏನೇನು ಕಳೆದುಕೊಳ್ಳುತ್ತಾನೆ ಎಂದು ಲೋಕ ಬೇಕಾದಷ್ಟು ಹೇಳಿದೆ; ಸ್ಟೀಲ್ ಪಾತ್ರೆಗಳ ವಿಷಯವನ್ನು ಮಾತ್ರ ಯಾರೂ ಎತ್ತಿದ್ದು ನಾನು ಕೇಳಿಲ್ಲ. ನಮ್ಮ ಕಾಲದಲ್ಲಿ ಮದುವೆಗೆ ಹೋಗುವುದೆಂದರೆ ಮೊದಲು ಹಲಸೂರಿನ ಪಾತ್ರೆ ಅಂಗಡಿಗೆ ಹೋಗಿ, ಒಂದು ಡಬ್ಬಿಯನ್ನೋ ಜಗ್ಗನ್ನೋ ಕೊಂಡು, ಅದರ ಮೇಲೆ ನಮ್ಮ ಹೆಸರು ಹಾಕಿಸುವುದು. ಅಂಗಡಿಯವನು ಮೊಳೆಯಂಥ ಮೂತಿಯ ಪುಟ್ಟ ಯಂತ್ರವನ್ನು ಕರ್ರ್ ಎನ್ನಿಸುತ್ತ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದ. ಕೊಟ್ಟವರ ಹೆಸರು ಪಾತ್ರೆಯ ಮೇಲೆ. ಪಡೆದವರ ಹೆಸರು ಎಲ್ಲೂ ಇಲ್ಲ. ಸಹೋದ್ಯೋಗಿಗಳು, ಅವರ ತಂಗಿಯರು, ಆಮೇಲೆ ಅವರ ಮಕ್ಕಳು, ಹೀಗೆ ನಾನು ಕೊಡುತ್ತಲೇ ಹೋದೆ. ಬೆಂಗಳೂರಿನ ಪೂರ್ವ ದಿಕ್ಕಿನ ಅಡುಗೆಮನೆಗಳಲ್ಲೆಲ್ಲ ನನ್ನ ಹೆಸರಿದೆ, ನನ್ನ ಅಡುಗೆಮನೆಯೊಂದನ್ನು ಬಿಟ್ಟು. ಅಲ್ಲಿರುವುದು ಒಂದು ಕುಕ್ಕರು, ಎರಡು ತಟ್ಟೆ. ಎರಡನೆಯ ತಟ್ಟೆಯನ್ನು ಯಾಕೆ ಕೊಂಡೆನೋ ನೆನಪಿಲ್ಲ.

ನೆನಪಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರಾಗಿದ್ದವನು. ಕಣ್ಣಾರೆ ಕಂಡದ್ದನ್ನೂ ಅನುಮಾನಿಸಿ ಎಂದು ಹುಡುಗರಿಗೆ ಕಲಿಸಿ ಸಂಬಳ ಪಡೆದವನು. ನಿವೃತ್ತನಾದ ಮೇಲೆ ಬೇರೆ ಗಿರಾಕಿಗಳಿಲ್ಲದೆ ನನ್ನನ್ನೇ ಅನುಮಾನಿಸತೊಡಗಿದ್ದೇನೆ. ಗ್ಯಾಸ್ ಆಫ್ ಮಾಡಿದೆನೇ ಎಂದು ಬಸ್ ಸ್ಟಾಪಿನಿಂದ ಹಿಂದಿರುಗುತ್ತೇನೆ. ಆಫ್ ಆಗಿರುತ್ತದೆ. ಆದರೆ ಮತ್ತೆ ಬಸ್ ಸ್ಟಾಪಿಗೆ ಬರುವಷ್ಟರಲ್ಲಿ, ಆಫ್ ಆಗಿತ್ತೋ, ಪರೀಕ್ಷಿಸುವ ಭರದಲ್ಲಿ ನಾನೇ ಆನ್ ಮಾಡಿ ಬಂದೆನೋ ಎಂಬ ಹೊಸ ಅನುಮಾನ. ಮನೆಯಲ್ಲಿ ಇನ್ನೊಬ್ಬರಿದ್ದರೆ, ‘ಆಫ್ ಮಾಡಿದ್ರಿ ಕಣ್ರೀ, ಹೊರಡಿ’ ಎಂದುಬಿಡುತ್ತಿದ್ದರು. ಒಂಟಿ ಬದುಕಿನ ತೊಂದರೆ ಇದೇ. ಊಟಕ್ಕಲ್ಲ, ಸಾಕ್ಷಿಗೆ ಜನ ಬೇಕು.

ನಮ್ಮ ಜೀವನ್ ಬಿಮಾ ನಗರದ ಸಮುದಾಯ ಭವನದಲ್ಲಿ ವರ್ಷಕ್ಕೊಮ್ಮೆ ಹಳೆ ಸಾಮಾನಿನ ಮಾರಾಟ ನಡೆಯುತ್ತದೆ. ಸುತ್ತಲಿನ ಮನೆಗಳವರು ತಮಗೆ ಬೇಡವಾದದ್ದನ್ನು ಚೀಲಗಳಲ್ಲಿ ತುಂಬಿ ತಂದಿಡುತ್ತಾರೆ. ಸ್ವಯಂಸೇವಕರು ಒರೆಸಿ, ಜೋಡಿಸಿ, ಮಾರುತ್ತೇವೆ. ಬಂದ ಹಣ ಮುರುಗೇಶಪಾಳ್ಯದ ಮಕ್ಕಳ ಸಂಜೆ ಶಾಲೆಗೆ ಹೋಗುತ್ತದೆ. ನಾನು ಸೇವಾ ಮನೋಭಾವದಿಂದ ಸೇರಿದೆ ಎಂದರೆ ಸುಳ್ಳು. ಒಂದು ಭಾನುವಾರವಾದರೂ ಜನ ನನ್ನನ್ನು ಏನಾದರೂ ಕೇಳುತ್ತಾರಲ್ಲ ಎಂಬ ಆಸೆಯಿಂದ ಸೇರಿದೆ. ‘ಇದೆಷ್ಟು’ ಎಂದೇ ಕೇಳಲಿ, ಅದೂ ಮಾತೇ.

ಈ ಸಲ ನನ್ನನ್ನು ಪಾತ್ರೆಗಳ ಮೇಜಿಗೆ ಹಾಕಿದ್ದರು. ಅದರ ಯಜಮಾನಿಕೆ ನಸೀಮಾ ಮೇಡಂ ಅವರದು. ಫ್ರೇಜರ್ ಟೌನಿನವರು, ಹಿಂದೆ ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದವರು. ಈಗಲೂ ಎದುರಿಗಿರುವವರೆಲ್ಲ ಎಂಟನೇ ಕ್ಲಾಸು ಎಂದೇ ಅವರ ಭಾವನೆ. ಅವರು ಕೊಟ್ಟ ಚಿಂದಿಯಿಂದ ಒಂದು ಮುಚ್ಚಳದ ಡಬ್ಬಿಯನ್ನು ಉಜ್ಜುತ್ತಿದ್ದಾಗ ಬೆರಳಿಗೆ ಚುಕ್ಕಿಗಳು ತಾಗಿದವು. ಕನ್ನಡಕ ಸರಿಮಾಡಿಕೊಂಡು ಓದಿದೆ: ‘ಪ್ರೀತಿಪೂರ್ವಕವಾಗಿ, ಬಿ.ಕೆ. ನಾಗರಾಜ್, ಎಂ.ಎ.’

ಬಿ.ಕೆ. ನಾಗರಾಜ್ ಎಂದರೆ ನಾನು. ಆದರೆ ನಾನು ಸುಲಭಕ್ಕೆ ಒಪ್ಪುವವನಲ್ಲ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ನಿಂತು ‘ನಾಗರಾಜ್’ ಎಂದು ಕೂಗಿದರೆ ಎರಡು ಬಸ್ಸು ಖಾಲಿಯಾಗುತ್ತವೆ. ಅವರಲ್ಲಿ ಬಿ.ಕೆ.ಗಳೂ ಇರುತ್ತಾರೆ. ಆದರೆ ಸಾರಿನ ಪುಡಿಯ ಡಬ್ಬಿಯ ಮೇಲೆ ಎಂ.ಎ. ಎಂದು ಕೆತ್ತಿಸುವ ನಾಗರಾಜ? ಅಂಥ ಮೂರ್ಖ ಒಂದೂರಿಗೆ ಒಬ್ಬನೇ ಇರಲು ಸಾಧ್ಯ.

ಹಾಗಾದರೆ ಇದನ್ನು ಕೊಟ್ಟದ್ದು ಯಾರಿಗೆ? ಎಂ.ಎ. ಹೊಸದಾಗಿದ್ದಾಗ ನಾನು ಬೆನ್ಸನ್ ಟೌನಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಮನೆಯೊಡೆಯರ ಮಗಳು ದಿನಾ ಸಂಜೆ ನನ್ನಿಂದ ಪೇಪರ್ ಇಸಕೊಂಡು ಹೋಗುತ್ತಿದ್ದಳು. ಅವಳ ಮದುವೆಗೆ ಹೋಗಿದ್ದೆನೋ, ಹೋಗಲಾರದೆ ಡಬ್ಬಿ ಮಾತ್ರ ಕಳಿಸಿದ್ದೆನೋ, ಅಥವಾ ಅವಳನ್ನೇ ನಾನು ಈಚೆಗೆ ಹುಟ್ಟಿಸಿಕೊಂಡೆನೋ, ಒಂದೂ ಖಚಿತವಿಲ್ಲ. ಮುಚ್ಚಳ ತೆಗೆದು ಮೂಸಿದೆ. ಎಷ್ಟು ತೊಳೆದರೂ ಹೋಗದ ಕೊತ್ತಂಬರಿ, ಮೆಂತ್ಯದ ವಾಸನೆ. ಯಾರೋ ಇಷ್ಟು ವರ್ಷ ದಿನಾ ಬೆಳಗ್ಗೆ ನನ್ನ ಹೆಸರನ್ನು ಕೈಯಲ್ಲಿ ಹಿಡಿದು ಸಾರು ಮಾಡಿದ್ದಾರೆ. ನನಗೆ ಗೊತ್ತೇ ಇರಲಿಲ್ಲ.

“ಮೇಡಂ, ಇದನ್ನ ಯಾರು ತಂದುಕೊಟ್ಟಿದ್ದು?”

“ಅರೇ ಸಾರ್, ಗೇಟ್ ಹತ್ರ ಚೀಲ ಇಟ್ಟು ಹೋಗ್ತಾರೆ. ಯಾರ ಮುಖ ಯಾರು ನೋಡ್ತಾರೆ?”

“ಇದರ ಮೇಲೆ ನನ್ನ ಹೆಸರಿದೆ. ನಾನೇ ಯಾರಿಗೋ ಕೊಟ್ಟಿದ್ದಿರ್ಬೇಕು, ಗ್ಯಾರಂಟಿ ಇಲ್ಲ. ನಾನೇ ತಗೊಂಡ್‌ಬಿಡ್ತೀನಿ.”

“ವಾಲಂಟಿಯರ್‌ಗಳು ಸಂಜೆ ಮೇಲೆ, ಮಿಕ್ಕಿದ್ರೆ. ರೂಲ್ಸ್ ಅಂದ್ರೆ ರೂಲ್ಸ್.” ಡಬ್ಬಿಯನ್ನು ತಿರುಗಿಸಿ ಓದಿ ನಕ್ಕರು. “ಪಾತ್ರೆ ಮೇಲೆ ನಿಮ್ಮ ಹೆಸರಿದ್ರೆ ಅದು ನಿಮ್ದು ಅಂತಲ್ಲ ಸಾರ್. ನಿಮ್ದಲ್ಲ ಅಂತ ಅರ್ಥ.”

ಇಷ್ಟು ಶುದ್ಧವಾದ ತರ್ಕವನ್ನು ನಾನು ಇಡೀ ಕೆಲಸದ ಅವಧಿಯಲ್ಲಿ ಕೇಳಿರಲಿಲ್ಲ. ಆದರೂ ಅವರು ಚಹಾಕ್ಕೆ ಹೋದಾಗ ಡಬ್ಬಿಯನ್ನು ಇಡ್ಲಿ ಪಾತ್ರೆಯ ಹಿಂದೆ ಸರಿಸಿಟ್ಟೆ. ಅವರು ಬಂದು ಮತ್ತೆ ಮುಂದಕ್ಕೆ ತಂದರು. ನಾನು ಮತ್ತೆ ಹಿಂದಿಟ್ಟೆ. ನಾನು ಯಾರಿಗೋ ಬೇಕಾಗಿದ್ದೆ ಎನ್ನುವುದಕ್ಕೆ ಇದ್ದ ಒಂದೇ ಪುರಾವೆ ಅದು. ಇಟ್ಟುಹೋದವರು ಮನಸ್ಸು ತಡೆಯದೆ ಹುಡುಕಿಕೊಂಡು ಬರಬಹುದು ಎಂದು ಬಾಗಿಲ ಕಡೆಗೇ ನೋಡುತ್ತಿದ್ದೆ. ಬೆಳ್ಳಿಗೂದಲಿನ ಹೆಂಗಸರು ಎಷ್ಟೋ ಮಂದಿ ಬಂದರು. ಎಲ್ಲರೂ ಸೌಟು ಕೇಳಿದರು.

ಮಧ್ಯಾಹ್ನದ ಮೇಲೆ ಎಳೆಯ ಜೋಡಿಯೊಂದು ಬಂತು. ಹುಡುಗಿ ಇಡ್ಲಿ ಪಾತ್ರೆ ಎತ್ತಿದಳು. ಹಿಂದೆ ಡಬ್ಬಿಯಾಗಿ ಅಡಗಿದ್ದ ನಾನು ಸಿಕ್ಕಿಬಿದ್ದೆ.

“ಬೇರೆಯವರ ಹೆಸರಿದೆ ಕಣೇ, ಬಿಡು,” ಎಂದ ಹುಡುಗ.

“ಹೆಸರಿರೋದೇ ಬೇಕು ಕಣೋ. ನಮ್ಮನೇಲಿರೋದೆಲ್ಲ ಆನ್‌ಲೈನಲ್ಲಿ ತರಿಸಿದ್ದು. ಒಂದರ ಮೇಲಾದ್ರೂ ಯಾರ್ದಾದ್ರೂ ಹೆಸರಿದ್ಯಾ? ಯಾರಾದ್ರೂ ಕೇಳಿದ್ರೆ ನಮ್ಮ ದೊಡ್ಡಪ್ಪ ಮದುವೇಲಿ ಕೊಟ್ಟಿದ್ದು ಅಂತೀನಿ.”

“ಯಾವ ದೊಡ್ಡಪ್ಪ? ನಿಮ್ಮನೆಯೋರು ಫೋನೇ ಎತ್ತಲ್ಲ.”

“ಇವ್ರು. ಎಂ.ಎ. ಓದಿರೋ ದೊಡ್ಡಪ್ಪ.” ಆಮೇಲೆ ನನ್ನತ್ತ ತಿರುಗಿ, “ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ ಆದ್ವಿ ಅಂಕಲ್. ಎರಡೂ ಕಡೆಯಿಂದ ಒಬ್ರೂ ಬರ್ಲಿಲ್ಲ. ಸಿ.ವಿ. ರಾಮನ್ ನಗರದಲ್ಲಿ ಮನೆ ಮಾಡಿದೀವಿ,” ಎಂದಳು. ನಗುತ್ತಲೇ ಹೇಳಿದಳು, ಆದರೆ ಡಬ್ಬಿಯನ್ನು ಕೆಳಗಿಡಲಿಲ್ಲ.

‘ಇದು ಮಾರಾಟಕ್ಕಿಲ್ಲ’ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಹೊರಬಿದ್ದದ್ದು ಬೇರೆ: “ಆ ನಾಗರಾಜ ನಾನೇ ಅಮ್ಮಾ.”

ಇಬ್ಬರೂ ಒಂದು ಕ್ಷಣ ನೋಡಿ ಜೋರಾಗಿ ನಕ್ಕರು. “ಸೂಪರ್ ಅಂಕಲ್! ನೀವು ಸೇಲ್ಸಲ್ಲಿ ಇರ್ಬೇಕಿತ್ತು,” ಎಂದ ಹುಡುಗ.

ನಾನು ದೈನ್ಯದಿಂದ ನಸೀಮಾ ಮೇಡಂ ಕಡೆ ನೋಡಿದೆ. ಅವರು, “ಹೆಸರೇನೋ ನಾಗರಾಜೇ. ಆದ್ರೆ ಆ ನಾಗರಾಜಾನಾ ಅಂತ ಅವ್ರಿಗೇ ಗ್ಯಾರಂಟಿ ಇಲ್ಲ,” ಎಂದು ಚಿಲ್ಲರೆ ಹುಡುಕತೊಡಗಿದರು.

ನನಗೆ ಕೋಪ ಬರಲಿಲ್ಲ. ಅಷ್ಟೇ ಪುರಾವೆಯ ಮೇಲೆ ನಾನಾದರೂ ನಂಬುತ್ತಿರಲಿಲ್ಲ. ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿಕೊಟ್ಟೆ. ಹುಡುಗಿ ಬಾಗಿಲ ಬಳಿ ನಿಂತು, “ಬರ್ತೀವಿ ದೊಡ್ಡಪ್ಪಾ!” ಎಂದು ತಮಾಷೆಗೆ ಕೈಬೀಸಿದಳು. ನಾನು ತಮಾಷೆಗಲ್ಲದೆ ಕೈಬೀಸಿದೆ.

ಅಂದಿನಿಂದ ಒಂದು ನೆಮ್ಮದಿ. ಆ ಡಬ್ಬಿಯನ್ನು ಯಾರಿಗೆ ಕೊಟ್ಟಿರಿ ಎಂದು ಯಾರಾದರೂ ಕೇಳಿದರೆ ಈಗ ತಡವರಿಸದೆ ಹೇಳಬಲ್ಲೆ: ಸಿ.ವಿ. ರಾಮನ್ ನಗರದ ಹುಡುಗಿಗೆ, ಮದುವೆಯ ಉಡುಗೊರೆಯಾಗಿ. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಿನ್ನೆ ಒಬ್ಬನೇ ಊಟಕ್ಕೆ ಕೂತಾಗ ಆ ಮದುವೆಯೇ ನೆನಪಾಗತೊಡಗಿತು. ಹುಡುಗಿ ಹಸಿರು ಸೀರೆ ಉಟ್ಟಿದ್ದಳು. ಹೆಣ್ಣಿನ ಕಡೆಯ ಹಿರಿಯರೆಂದು ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಬೇಡವೆಂದರೂ ಮತ್ತೊಮ್ಮೆ ಪಾಯಸ ಬಡಿಸಿದರು. ಅದು ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಮುಗಿಸಿದ ಮದುವೆ, ಅಲ್ಲಿ ಪಂಕ್ತಿಯೂ ಇರಲಿಲ್ಲ, ನಾನೂ ಇರಲಿಲ್ಲ ಎಂಬುದು ನನಗೆ ಗೊತ್ತು. ಆದರೂ ಪಾಯಸಕ್ಕೆ ಸಕ್ಕರೆ ಸ್ವಲ್ಪ ಕಡಿಮೆಯಾಗಿತ್ತು ಎನ್ನುವುದರಲ್ಲಿ ಮಾತ್ರ ನನ್ನಂಥ ಸಂದೇಹವಾದಿಗೂ ಸಂದೇಹವಿಲ್ಲ.